ಮೊದಲು ಟೈರು, ಆಮೇಲೆ ಎಸ್‌ಯುವಿ

ಡೆನ್ವರ್‌ನಲ್ಲಿ ನವೆಂಬರ್ ಬಂತೆಂದರೆ ನಮ್ಮ ಕನ್ನಡ ಶಾಲೆಯ ಪಾರ್ಕಿಂಗ್ ಲಾಟ್‌ನಲ್ಲಿ ಅಪ್ಪ ಅಮ್ಮಂದಿರ ಮಾತು ಒಂದೇ ಕಡೆ ತಿರುಗುತ್ತದೆ: "ಸ್ನೋ ನೋಡೋಕೆ ಬೆಟ್ಟಕ್ಕೆ ಹೋಗ್ಬೇಕು, ಆದ್ರೆ ನಮ್ಮದು ಬರೀ ಟೂ ವೀಲ್ ಡ್ರೈವ್. ಮೊದ್ಲು ಒಂದು ಎಸ್‌ಯುವಿ ತಗೋಬೇಕು." ಈ ಮಾತಿಗೆ ನನ್ನ ತಕರಾರಿದೆ. ಮೊದಲು ಬೇಕಾಗಿರುವುದು ಎಸ್‌ಯುವಿ ಅಲ್ಲ, ಒಳ್ಳೆ ಟೈರು. ಲೈಸೆನ್ಸ್ ಸಿಗಲು ದೊಡ್ಡವರ ಪಕ್ಕದಲ್ಲಿ ಕೂತು ಓಡಿಸಬೇಕಾದ 50 ಗಂಟೆಗಳನ್ನು ನಾನು ನಮ್ಮ ಹಳೇ ಕೊರೊಲ್ಲಾದಲ್ಲೇ ಮುಗಿಸುತ್ತಿದ್ದೇನೆ. ಹಾಗಾಗಿ ನನಗೂ ಮಾತಾಡುವ ಹಕ್ಕಿದೆ ಅಂದುಕೊಂಡಿದ್ದೇನೆ.

ಚಿಕ್ಕ ತರಗತಿಯವರಿಗೆ ಒಂದು ಮಾತು. ಟೂ ವೀಲ್ ಡ್ರೈವ್ ಅಂದರೆ ಸ್ಕೂಟರ್ ಅಲ್ಲ. ಮೈಸೂರಿನ ನಮ್ಮ ಅಜ್ಜಿ ಫೋನಿನಲ್ಲಿ ಇದನ್ನು ಕೇಳಿ "ಆ ಚಳೀಲಿ ಟೂ ವೀಲರಾ?" ಎಂದು ಗಾಬರಿಯಾಗಿದ್ದರು! ಕಾರಿಗೆ ನಾಲ್ಕು ಚಕ್ರವೇ ಇರುತ್ತದೆ, ಎಂಜಿನ್ನಿನ ಶಕ್ತಿ ಮಾತ್ರ ಎರಡಕ್ಕೆ ಹೋಗುತ್ತದೆ. ನಮ್ಮ ಕಾರಿನಲ್ಲಿ ಮುಂದಿನ ಎರಡಕ್ಕೆ.

ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಹಿಮದಲ್ಲಿ ಹೊರಡುವುದು ಸುಲಭ, ಏರು ಹತ್ತುವುದೂ ಸುಲಭ. ಇದನ್ನು ಒಪ್ಪುತ್ತೇನೆ. ಆದರೆ ನಿಲ್ಲುವಾಗ? ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಅಲ್ಲಿ ಎಸ್‌ಯುವಿಗೂ ಕೊರೊಲ್ಲಾಗೂ ವ್ಯತ್ಯಾಸ ಮಾಡುವುದು ರಸ್ತೆಯನ್ನು ಹಿಡಿದುಕೊಳ್ಳುವ ರಬ್ಬರು ಮಾತ್ರ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನಮ್ಮ ಕಾರು ಸಿಗ್ನಲ್ಲಿನಲ್ಲಿ ಹೊರಡುವಾಗಲೇ ಸ್ವಲ್ಪ ಜಾರಿ "ಇವತ್ತು ರಸ್ತೆ ಸರಿಯಿಲ್ಲ" ಎಂದು ಹೇಳಿಬಿಡುತ್ತದೆ. ನಾಲ್ಕು ಚಕ್ರದ ಗಾಡಿ ಏನೂ ಹೇಳದೆ ಸಲೀಸಾಗಿ ಹೊರಡುತ್ತದೆ, ಜಾರಿಕೆ ಗೊತ್ತಾಗುವುದು ಬ್ರೇಕ್ ಒತ್ತಿದಾಗಲೇ.

ಮಾಮೂಲಿ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರು ಮೆತ್ತಗೇ ಉಳಿಯುತ್ತದೆ, ಅದರ ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚಿಕೊಳ್ಳುತ್ತವೆ. ಟೈರಿನ ಪಕ್ಕದಲ್ಲಿ ಬೆಟ್ಟದೊಳಗೆ ಹಿಮದ ಹೂವಿನ ಚಿತ್ರ ಇದ್ದರೆ ಅದು ಇಂಥ ಟೈರು. ದುಡ್ಡು ಉಳಿಸಲು ಮುಂದೆ ಎರಡೇ ಹಾಕಿಸಿದರೆ ಮುಂಭಾಗ ಹಿಡಿದುಕೊಳ್ಳುತ್ತದೆ, ಹಿಂಭಾಗ ತಿರುವಿನಲ್ಲಿ ಬಾಲದ ಹಾಗೆ ಬೀಸುತ್ತದೆ. ಹಾಕಿಸಿದರೆ ನಾಲ್ಕೂ ಹಾಕಿಸಬೇಕು. ನಾಲ್ಕು ಟೈರು ದುಬಾರಿ ನಿಜ, ಆದರೆ ಹೊಸ ಎಸ್‌ಯುವಿಯ ಮುಂದೆ ಅದು ಏನೂ ಅಲ್ಲ. ಇನ್ನು ಡಿಕ್ಕಿಯಲ್ಲಿ ಸೋನಾ ಮಸೂರಿ ಮೂಟೆ ಇಟ್ಟರೆ ಹಿಡಿತ ಬರುತ್ತದೆ ಅನ್ನುವ ಉಪಾಯ ಹಿಂದಿನ ಚಕ್ರ ಎಳೆಯುವ ಪಿಕಪ್‌ಗಳಿಗೆ ಸರಿ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎಂಜಿನ್ನಿನ ಭಾರ ಆಗಲೇ ಮುಂದಿರುತ್ತದೆ. ಅಕ್ಕಿ ಅಡುಗೆಮನೆಯಲ್ಲೇ ಇರಲಿ.

ಕೊಲೊರಾಡೋದ ಕಾನೂನೂ ಟೈರನ್ನೇ ನೋಡುತ್ತದೆ. ಐ-70ರಲ್ಲಿ ಮಾರಿಸನ್‌ನಿಂದ ಡೊಟ್ಸೆರೊವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಟೂ ವೀಲ್ ಡ್ರೈವ್ ಕಾರಿಗೆ ಚಳಿಗಾಲಕ್ಕೆ ತಕ್ಕ ಸಜ್ಜು ಇರಬೇಕು. ಟೈರಿನ ಗೀರುಗಳ ಆಳ ಕನಿಷ್ಠ 3/16 ಇಂಚು. ಈ ಆಳದ ನಿಯಮ ಫೋರ್ ವೀಲ್ ಡ್ರೈವ್‌ಗೂ ಉಂಟು! ತಪ್ಪಿದರೆ ದಂಡ 130 ಡಾಲರಿಗಿಂತ ಹೆಚ್ಚು, ಕಾರು ಸಿಕ್ಕಿಹಾಕಿಕೊಂಡು ರಸ್ತೆ ಕಟ್ಟಿದರೆ 650ಕ್ಕಿಂತ ಹೆಚ್ಚು. ಆಳ ನೋಡುವ ಪುಟ್ಟ ಅಳತೆಕಡ್ಡಿ ಕೆಲವೇ ಡಾಲರಿಗೆ ಸಿಗುತ್ತದೆ. ಐದನೇ ತರಗತಿಯವರೂ ಅಳೆಯಬಹುದು.

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಐಸೆನ್‌ಹವರ್ ಸುರಂಗ 11,000 ಅಡಿಗಿಂತ ಎತ್ತರದಲ್ಲಿದೆ. ಡೆನ್ವರ್ ಕಡೆ ಬಿಸಿಲಿದ್ದರೂ ಆಚೆ ಬಾಯಿಯಲ್ಲಿ ಹಿಮ ಬೀಳುತ್ತಿರಬಹುದು. ಅಲ್ಲಿಂದ ಸಿಲ್ವರ್‌ಥಾರ್ನ್‌ಗೆ ಸುಮಾರು 8 ಮೈಲಿಯಲ್ಲಿ 2,000 ಅಡಿ ಇಳಿಯಬೇಕು. ಅಪ್ಪ ಕಾರು ಕಲಿತದ್ದು ಚಾರ್ಮಾಡಿ ಘಾಟಿಯ ಮಳೆಯಲ್ಲಿ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇರಬಾರದು ಅನ್ನುವುದು ಅಲ್ಲಿಯ ಪಾಠ. ಅದು ಇಲ್ಲಿಗೂ ಒಗ್ಗುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲೂ ಕೆಳಗಿನ ಗೇರ್ ಇರುತ್ತದೆ, ಇಳಿಜಾರು ಶುರುವಾಗುವ ಮುಂಚೆಯೇ ಮೆಲ್ಲಗೆ ಅದಕ್ಕೆ ಬರಬೇಕು. ತಿರುವಿಗೆ ಮುಂಚೆ ನಿಧಾನಿಸಬೇಕು, ತಿರುವಿನ ಒಳಗೆ ಅಲ್ಲ. ವೇಗ ಅರ್ಧ ಆದರೆ ನಿಲ್ಲಲು ಬೇಕಾದ ಜಾಗ ಕಾಲು ಭಾಗವಾಗುತ್ತದೆ, ಇದು ನಮ್ಮ ಫಿಸಿಕ್ಸ್ ಪುಸ್ತಕದಲ್ಲೇ ಇದೆ. ಮುಂದಿನ ಚಕ್ರ ಜಾರಿ ಕಾರು ನೇರ ಹೋಗತೊಡಗಿದರೆ ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗನ್ನು ಇನ್ನಷ್ಟು ತಿರುಗಿಸದೆ, ಹಿಡಿತ ಬರುವವರೆಗೆ ತಾಳಬೇಕು. ಸೇತುವೆಗಳ ಅಡಿಯಲ್ಲೂ ಗಾಳಿ ಆಡುವುದರಿಂದ ಅವು ಮೊದಲು ಹೆಪ್ಪುಗಟ್ಟುತ್ತವೆ.

ಚೈನ್ ಮುಂದಿನ ಚಕ್ರಕ್ಕೆ ಹಾಕಬೇಕು, ಮನೆಯ ಡ್ರೈವ್‌ವೇಯಲ್ಲಿ ಒಮ್ಮೆ ಹಾಕಿ ತೆಗೆದು ನೋಡಿರಬೇಕು. ಕಾರು ಹಿಮದಲ್ಲಿ ಸಿಕ್ಕಿಕೊಂಡರೆ ಹೀಟರ್‌ಗಾಗಿ ಎಂಜಿನ್ ಓಡಿಸುವ ಮುಂಚೆ ಹೊಗೆಕೊಳವೆಯ ಸುತ್ತಲ ಹಿಮ ತೆಗೆಯಲೇಬೇಕು, ಇಲ್ಲದಿದ್ದರೆ ವಿಷಗಾಳಿ ಒಳಗೆ ಬರುತ್ತದೆ. ಪುಟಾಣಿಗಳು ದಪ್ಪ ಜಾಕೆಟ್ ಮೇಲೆ ಸೀಟ್‌ಬೆಲ್ಟ್ ಹಾಕಿಕೊಳ್ಳಬಾರದು, ಬೆಲ್ಟ್ ಸಡಿಲವಾಗಿಬಿಡುತ್ತದೆ. ಜಾಕೆಟ್ ಮೇಲೆ ಹೊದ್ದುಕೊಂಡರಾಯಿತು.

ಇಷ್ಟೆಲ್ಲ ಇದ್ದರೂ ಕೆಲವು ದಿನ ಹೋಗಲೇಬಾರದು. ಇಲ್ಲಿ ನಮ್ಮ ಪಾಲೂ ಇದೆ ಅನ್ನುವುದು ನನ್ನ ಅಭಿಪ್ರಾಯ. ಲಾಡ್ಜ್‌ಗೆ ದುಡ್ಡು ಕಟ್ಟಿಯಾಗಿದೆ, ಹಿಂದಿನ ಸೀಟಿನಲ್ಲಿ ನಾವು "ಪ್ರಾಮಿಸ್ ಮಾಡಿದ್ರಲ್ಲಾ" ಅಂತ ರಾಗ ಎಳೆಯುತ್ತಿದ್ದೇವೆ ಅಂದರೆ ಯಾವ ಅಪ್ಪ ಅಮ್ಮ ತಾನೇ ಕಾರು ತಿರುಗಿಸುತ್ತಾರೆ? "ಸಾಕು, ವಾಪಸ್ ಹೋಗೋಣ" ಅನ್ನುವ ಮಾತು ಹಿಂದಿನ ಸೀಟಿನಿಂದ ಬಂದರೆ ಅವರಿಗೆ ಎಷ್ಟೋ ಹಗುರ. ಅಪ್ಪ ಅಮ್ಮಂದಿರೇ, ನಾವು ಹಾಗೆ ಹೇಳಿದಾಗ ನಗಬೇಡಿ. ಹೊರಡುವ ಬೆಳಿಗ್ಗೆ ಸಿಓಟ್ರಿಪ್ ಆ್ಯಪ್‌ನಲ್ಲಿ ರಸ್ತೆಯ ಕ್ಯಾಮೆರಾಗಳನ್ನು ನಮಗೂ ತೋರಿಸಿ.

ಹೋಗಲೇಬೇಕಿದ್ದರೆ ಚಳಿಗಾಲದಲ್ಲಿ ಡೆನ್ವರ್‌ನಿಂದ ಸ್ಕೀ ಬೆಟ್ಟಗಳಿಗೆ ಸ್ನೋಸ್ಟ್ಯಾಂಗ್ ಬಸ್ ಇದೆ, ಯೂನಿಯನ್ ಸ್ಟೇಷನ್‌ನಿಂದ ವಿಂಟರ್ ಪಾರ್ಕ್‌ಗೆ ರೈಲೂ ಇದೆ. ಅದರಲ್ಲಿ ಟೈರು, ಚೈನ್ ಯಾವುದರ ಚಿಂತೆಯೂ ನಮ್ಮದಲ್ಲ. ಕಿಟಕಿ ಪಕ್ಕದ ಸೀಟಿನ ಜಗಳ ಮಾತ್ರ ನಮ್ಮದು.