ಮಿದುಳಿನ ಗಾಯಕ್ಕೂ ಬೇಕು ಪ್ರಯೋಗಾಲಯದ ಸಾಕ್ಷ್ಯ

ನಾನು ಉಪವಿಭಾಗಾಧಿಕಾರಿಯಾಗಿದ್ದಾಗ, ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣುಮಕ್ಕಳು ಅಸಹಜವಾಗಿ ಸತ್ತರೆ ಶವ ಮಹಜರು ನಡೆಸುವ ಹೊಣೆಯೂ ನನ್ನದಾಗಿತ್ತು. ಅಂಥ ಒಂದು ಪ್ರಕರಣ ಇಂದಿಗೂ ನನ್ನ ನೆನಪಿನಿಂದ ಮಾಸಿಲ್ಲ. ಬಚ್ಚಲುಮನೆಯಲ್ಲಿ ಕುಸಿದು ಸತ್ತಳೆಂದು ಗಂಡನ ಮನೆಯವರು ಹೇಳಿದರೆ, ತಲೆಗೆ ಹೊಡೆದು ಕೊಂದರೆಂದು ತವರಿನವರು ಗೋಳಿಟ್ಟರು. ತಲೆಬುರುಡೆ ಒಡೆದಿರಲಿಲ್ಲ, ಮಿದುಳಿನಲ್ಲಿ ರಕ್ತಸ್ರಾವವೂ ಕಂಡುಬರಲಿಲ್ಲ. ತಿಂಗಳುಗಳ ನಂತರ ಬಂದ ವಿಸೆರಾ ವರದಿ ವಿಷವಿಲ್ಲವೆಂದಿತು. ಸಾವಿನ ಕಾರಣ ‘ಖಚಿತಪಟ್ಟಿಲ್ಲ’ ಎಂದೇ ಉಳಿಯಿತು.

ವಿಷದ ಶಂಕೆಯಿದ್ದರೆ ಅಂಗಾಂಶಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಮಿದುಳಿನ ಗಾಯದ ಶಂಕೆಗೆ ಅಂಥ ವಾಡಿಕೆಯಿಲ್ಲ. ತಲೆ ರಭಸದಿಂದ ತಿರುಗಿದಾಗ ಮಿದುಳಿನ ನರತಂತುಗಳು ಹರಿಯುತ್ತವೆ. ಇದು ಬರಿಗಣ್ಣಿಗೆ ಕಾಣದೇ ಹೋಗಬಹುದು. ಸೂಕ್ಷ್ಮದರ್ಶಕದಲ್ಲಿ ಸರಿಯಾಗಿ ಪರೀಕ್ಷಿಸಲು ಮಿದುಳನ್ನು ಸಾಮಾನ್ಯವಾಗಿ ವಾರಗಟ್ಟಲೆ ಫಾರ್ಮಾಲಿನ್‌ನಲ್ಲಿ ಇಡಬೇಕು. ಸಂಜೆಯೊಳಗೆ ಸಂಸ್ಕಾರ ಮುಗಿಸಲು ಶವಾಗಾರದ ಮುಂದೆ ಕಾದಿರುವ ಬಂಧುಗಳಿಗೆ ಈ ಮಾತನ್ನು ಹೇಳುವುದು ಸುಲಭವಲ್ಲ.

ಇಲ್ಲಿ ಶರೀರದ್ರವಗಳ ಪರೀಕ್ಷೆ ನೆರವಿಗೆ ಬರಬಲ್ಲದು. ಮಿದುಳಿನ ಕೋಶಗಳು ಘಾಸಿಗೊಂಡಾಗ ಅವುಗಳೊಳಗಿನ ಕೆಲವು ಪ್ರೋಟೀನ್‌ಗಳು ಮಿದುಳು-ಬೆನ್ನುಹುರಿ ದ್ರವಕ್ಕೂ ರಕ್ತಕ್ಕೂ ಸೋರುತ್ತವೆ. ಎಸ್‌100ಬಿ ಮತ್ತು ಎನ್‌ಎಸ್‌ಇ ಎಂಬ ಇಂಥ ಎರಡು ಪ್ರೋಟೀನ್‌ಗಳು ಶವಪರೀಕ್ಷೆಯಲ್ಲೂ ಉಪಯುಕ್ತವೆಂದು ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2013ರಲ್ಲಿ ತೋರಿಸಿದರು. ಜಿಎಫ್‌ಎಪಿ ಎಂಬ ಮತ್ತೊಂದು ಪ್ರೋಟೀನ್ ಆಧರಿಸಿದ ರಕ್ತಪರೀಕ್ಷೆಯನ್ನು ಜೀವಂತ ರೋಗಿಗಳಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಒಪ್ಪಿಕೊಂಡಿತು. ಶವದಿಂದ ಬೇಕಾದುದು ಕೆಲವೇ ಮಿಲಿಲೀಟರ್ ದ್ರವ, ಮಿದುಳನ್ನು ಉಳಿಸಿಕೊಳ್ಳಬೇಕಾಗಿಲ್ಲ.

ಹಾಗೆಂದು ಇದನ್ನು ತೀರ್ಪೆಂದು ಭಾವಿಸುವುದು ಅಪಾಯಕರ. ಆಮ್ಲಜನಕದ ಕೊರತೆಯಿಂದಲೂ ಈ ಪ್ರೋಟೀನ್‌ಗಳು ಏರುತ್ತವೆ. ಎಸ್‌100ಬಿ ಕೊಬ್ಬಿನಲ್ಲೂ, ಎನ್‌ಎಸ್‌ಇ ಕೆಂಪು ರಕ್ತಕಣಗಳಲ್ಲೂ ಇದೆ. ಶವ ಕೊಳೆಯತೊಡಗಿದರೆ ಅಂಕಿಗಳು ನಂಬಿಕೆಗೆ ಅರ್ಹವಲ್ಲ. ಪೆಟ್ಟು ಬಿದ್ದ ಕ್ಷಣದಲ್ಲೇ ಪ್ರಾಣ ಹೋಗಿದ್ದರೆ ಪ್ರೋಟೀನ್ ಸೋರಲು ಸಮಯವೇ ಇರುವುದಿಲ್ಲ. ಆಗ ಕಡಿಮೆ ಅಂಕಿ ಬಂದಿತೆಂದು ಗಾಯವನ್ನು ತಳ್ಳಿಹಾಕುವಂತಿಲ್ಲ. ಮುಖ್ಯವಾಗಿ, ಬಿದ್ದದ್ದೋ ಹೊಡೆದದ್ದೋ ಎಂಬುದನ್ನು ಯಾವ ಪ್ರೋಟೀನೂ ಹೇಳದು. ಅದು ತನಿಖೆಯ ಕೆಲಸ. ಆದರೆ ತನಿಖೆ ಮುಂದುವರಿಯಬೇಕೇ ಎಂಬ ಪ್ರಶ್ನೆಗೆ ಈ ಪರೀಕ್ಷೆ ದಾರಿ ತೋರಬಲ್ಲದು.

ವೆಚ್ಚದ ಮಾತು ಬರುವುದು ಸಹಜ. ಅರ್ಥಶಾಸ್ತ್ರ ಓದಿದವನಾಗಿ ನಾನು ಕೇಳುವುದಿಷ್ಟು: ಅನಿಶ್ಚಿತತೆಯ ಬೆಲೆಯನ್ನು ಯಾರು ತೆರುತ್ತಿದ್ದಾರೆ? ದೇಶದ ರಸ್ತೆಗಳಲ್ಲಿ 2022ರಲ್ಲೇ 1,68,491 ಮಂದಿ ಸತ್ತರು. ಅಪಘಾತದ ಪರಿಹಾರವಿರಲಿ, ಕಸ್ಟಡಿ ಸಾವಿರಲಿ, ವರದಕ್ಷಿಣೆ ಸಾವಿರಲಿ, ಕಾರಣ ಅಸ್ಪಷ್ಟವಾದಾಗ ಸೋಲುವುದು ವಕೀಲರನ್ನಿಟ್ಟು ವರ್ಷಗಟ್ಟಲೆ ಹೋರಾಡಲಾಗದ ಕುಟುಂಬ. ಕೆಲವೊಮ್ಮೆ ನಿರಪರಾಧಿಯೂ ಅದೇ ಅಸ್ಪಷ್ಟತೆಯಿಂದ ಜೈಲಿನಲ್ಲಿ ಕೊಳೆಯಬೇಕಾಗುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಸ್ಥಳಕ್ಕೆ ಸಲ್ಲುವ ವಿಜ್ಞಾನ ಶವಾಗಾರಕ್ಕೂ ಸಲ್ಲಬೇಕು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ನ್ಯಾಯವೈದ್ಯಕೀಯ ವಿಭಾಗಗಳು ಶಂಕಾಸ್ಪದ ಸಾವುಗಳಲ್ಲಿ ಈ ದ್ರವಗಳನ್ನು ಸಂಗ್ರಹಿಸಿ, ಶೈತ್ಯದಲ್ಲಿಟ್ಟು, ಸಾವಿನಿಂದ ಕಳೆದ ಅವಧಿಯನ್ನು ದಾಖಲಿಸಲಿ. ನಮ್ಮ ಹವೆಗೆ ಹೊಂದುವ ಮಾನದಂಡ ಸಿದ್ಧವಾದ ಮೇಲಷ್ಟೇ ಅದು ನ್ಯಾಯಾಲಯದ ಮೆಟ್ಟಿಲೇರಲಿ.

ಅಂದು ಆ ಹೆಣ್ಣುಮಗಳ ಕಡತಕ್ಕೆ ಸಹಿ ಹಾಕಿ ಮುಚ್ಚಿದವನು ನಾನೇ. ನನ್ನ ನಂತರ ಆ ಕುರ್ಚಿಯಲ್ಲಿ ಕೂರುವವರಿಗೆ ಅಂಥ ಸಹಿ ಹಾಕುವ ಮುನ್ನ ಕೇಳಲು ಇನ್ನೊಂದು ಪ್ರಶ್ನೆಯಾದರೂ ಉಳಿದಿರಲಿ.