ಹಾಸ್ಟೆಲ್ಲಿಗೆ ಹೋಪುಕೆ ಎಂತೆಂತ ಬೇಕ್?

ಮಗಳನ್ನು ಹಾಸ್ಟೆಲ್ಲಿಗೆ ಬಿಟ್ಟು ಬಂದು ಇವತ್ತಿಗೆ ಒಂದು ತಿಂಗಳು. ಹೊರಡುವ ಹಿಂದಿನ ದಿನ ಹೆಮ್ಮಾಡಿಯ ನಮ್ಮನೆ ಜಗಲಿ ಥೇಟ್ ಸಂತೆಯ ಹಾಗಿತ್ತು. ಬಕೆಟ್ಟು, ಮಗ್ಗು, ಎರಡು ಬೀಗ, ಬಟ್ಟೆ ಒಣಗಿಸುವ ಹಗ್ಗ, ಕ್ಲಿಪ್ಪು, ದಪ್ಪ ಹೊದಿಕೆ, ಮಿಡಿ ಉಪ್ಪಿನಕಾಯಿ ಬಾಟ್ಲಿ. ನಾನು ಹಲಸಿನ ಹಪ್ಪಳದ ಕಟ್ಟನ್ನೂ ತುರುಕಲು ಹೋದಾಗ, “ಅಲ್ ಹಪ್ಪಳ ಸುಡುಕೆ ಒಲಿ ಎಲ್ಲಿತ್ತ್ ಅಮ್ಮ?” ಅಂತ ಅವಳು ನಗಾಡಿದಳು. ಆದರೂ ಹಪ್ಪಳ ಹೋಯಿತು ಬಿಡಿ.

ಅವಳು ಸೇರಿದ್ದು ಕೊಣಾಜೆಯ ಮಂಗಳಗಂಗೋತ್ರಿಗೆ, ಮೊದಲ ವರ್ಷದ ಎಂಎಗೆ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಗಿ, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಆದ ಜಾಗ. ಬ್ರಹ್ಮಾವರ, ಉಡುಪಿ ದಾಟಿ ಮಂಗಳೂರು, ಅಲ್ಲಿಂದ ತೊಕ್ಕೊಟ್ಟು, ದೇರಳಕಟ್ಟೆ ಮೇಲಾಗಿ ಗುಡ್ಡ ಹತ್ತಬೇಕು. ನಮ್ಮೂರಿಂದ ನೂರು ಕಿಲೋಮೀಟರಿಗೂ ಮೇಲೆ. ದಿನಾ ಹೋಗಿ ಬರುವ ದೂರ ಅಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನೆನಪಾದದ್ದು ಅವಳ ಕೋಣೆಯಲ್ಲ, ನನ್ನದು.

1994ರಲ್ಲಿ ನಾನೂ ಹೀಗೇ ಟ್ರಂಕು ಹಿಡಿದುಕೊಂಡು ಹುಲಿಕಲ್ ಘಾಟಿ ಹತ್ತಿದ್ದೆ. ಆಗ ನಮ್ಮ ಕುಂದಾಪುರ ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಘಟ್ಟದ ಮೇಲಿನ ಒಂದು ವಿಶ್ವವಿದ್ಯಾನಿಲಯ, ಹೆಸರು ಬೇಡ. ಕ್ಯಾಂಪಸ್ಸಿನೊಳಗೇ ಹೆಣ್ಣುಮಕ್ಕಳ ಹಾಸ್ಟೆಲ್. ಒಂದು ಕೋಣೆಗೆ ಮೂರು ಮಂಚ. ನನ್ನ ಜೊತೆ ಒಬ್ಬಳು ಬೆಂಗಳೂರಿನವಳು, ಇನ್ನೊಬ್ಬಳು ಬಿಜಾಪುರ ಕಡೆಯವಳು.

ಮೊದಲ ವಾರ ಎಲ್ಲವೂ ಕಷ್ಟವೇ. ಬೆಳಿಗ್ಗೆ ಐದಕ್ಕೇ ಎದ್ದು ಸ್ನಾನಕ್ಕೆ ಸಾಲು ನಿಲ್ಲಬೇಕು. ಕುಚಲಕ್ಕಿ ಗಂಜಿ ಉಂಡು ಬೆಳೆದ ಹೊಟ್ಟೆಗೆ ಮೆಸ್ಸಿನ ಬಿಳಿ ಅನ್ನ ಎಷ್ಟು ಉಂಡರೂ ಉಂಡ ಹಾಗೇ ಆಗುತ್ತಿರಲಿಲ್ಲ. ಆದರೆ ಅದಕ್ಕೆಲ್ಲ ಹದಿನೈದು ದಿನದಲ್ಲಿ ಒಗ್ಗಿಕೊಂಡೆ. ಒಗ್ಗದೆ ಹೋದದ್ದು ಬೇರೆ.

ಒಂದು ದಿನ ಬೆಂಗಳೂರಿನ ಹುಡುಗಿ, “ಬಕೆಟ್ ಎಲ್ಲಿ?” ಅಂತ ಕೇಳಿದಳು. ನಾನು, “ಅಲ್ಲೇ ಇತ್ತಲೆ” ಅಂದೆ. “ಇತ್ತಾ? ಹಾಗಾದ್ರೆ ಈಗ ಎಲ್ಲಿ ಹೋಯ್ತು?” ಅಂದಳು. ನಮ್ಮ ಕಡೆ ‘ಇತ್ತ್’ ಅಂದರೆ ಈಗ ಇದೆ ಅಂತಲೇ ಅರ್ಥ, ಅವಳಿಗೆ ಹೇಗೆ ಗೊತ್ತಾಗಬೇಕು ಹೇಳಿ? ಮರುದಿನ ಮೆಸ್ಸಿನಲ್ಲಿ ಆ ಬಕೆಟ್ಟಿನ ಕಥೆ ಎಲ್ಲರ ಬಾಯಲ್ಲಿ. ನಾನು “ಮಿಂದ್ಕಂಡ್ ಬತ್ತೆ” ಅಂದರೆ ನಗು, “ಕಾಂಬ” ಅಂದರೆ ನಗು. ಯಾರೂ ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ. ಆದರೆ ಇಪ್ಪತ್ತೊಂದರ ವಯಸ್ಸಿಗೆ ಅದು ಗೊತ್ತಾಗುವುದಿಲ್ಲ. ನಾನು ಕುಂದಾಪ್ರ ಕನ್ನಡ ಮಾತಾಡುವುದನ್ನೇ ಬಿಟ್ಟೆ. ಪಾಠಪುಸ್ತಕದ ಕನ್ನಡವನ್ನು ತೂಕ ಮಾಡಿ ಮಾತಾಡಲು ಕಲಿತೆ.

ನಮ್ಮನೆಯಲ್ಲಿ ಆಗ ಫೋನ್ ಇರಲಿಲ್ಲ. ಆದಿತ್ಯವಾರ ರಾತ್ರಿ ಅಮ್ಮ ಅಂಗಡಿಯವರ ಮನೆಗೆ ಬಂದು ಕೂರುವುದು, ನಾನು ಹಾಸ್ಟೆಲ್ ಗೇಟಿನ ಹತ್ತಿರದ ಎಸ್‌ಟಿಡಿ ಬೂತಿನಿಂದ ಮಾಡುವುದು ಅಂತ ಮಾತಾಗಿತ್ತು. ರಾತ್ರಿಯಾದರೆ ದರ ಕಡಿಮೆ, ಹಾಗಾಗಿ ಬೂತಿನ ಮುಂದೆ ಹುಡುಗಿಯರ ದೊಡ್ಡ ಸಾಲು. ಆ ಸಾಲಿಗೆ ಕೇಳಿಸುತ್ತದೆ ಅಂತ ನಾನು, “ಅಮ್ಮ, ಚೆನ್ನಾಗಿದ್ದೀರಾ? ಊಟ ಆಯಿತಾ?” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಮತ್ತೆ ಅಮ್ಮ ಕೇಳಿದರು: “ಎಂತಾಯ್ತ್ ಮಗಾ, ಹುಷಾರಿಲ್ಯಾ?”

ಮೂರು ನಾಲ್ಕು ವಾರ ಹೀಗೇ ನಡೆಯಿತು. ಒಂದು ಆದಿತ್ಯವಾರ ಅಮ್ಮ, “ಹೌದು, ನಾವು ಚೆನ್ನಾಗಿದ್ದೇವೆ. ನೀನು ಚೆನ್ನಾಗಿ ಓದು” ಅಂದರು. ಒಂದೊಂದೇ ಶಬ್ದ ಹುಡುಕಿ, ಶಾಲೆ ಮಕ್ಕಳು ಪದ್ಯ ಒಪ್ಪಿಸಿದ ಹಾಗೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಮ್ಮ, ಮಗಳ ಮರ್ಯಾದೆ ಉಳಿಸಲು ಪುಸ್ತಕದ ಕನ್ನಡ ಅಭ್ಯಾಸ ಮಾಡಿಕೊಂಡು ಬಂದಿದ್ದರು. ನನಗೆ ಆಗ ಸಮಾಧಾನ ಆಯಿತು. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ದೀಪಾವಳಿಗೆ ಊರಿಗೆ ಬಂದಾಗ ಬಡಿಸುತ್ತಾ ಅಮ್ಮ ಕೇಳಿದರು, “ನಾ ಮಾತಾಡುದ್ ಕೇಂಡ್ರೆ ನಿಂಗ್ ನಾಚ್ಕಿ ಆತ್ತಾ ಮಗಾ?” ಬೈದದ್ದಲ್ಲ, ಸುಮ್ಮನೆ ಕೇಳಿದ್ದು. ನನಗೆ ಉತ್ತರ ಬರಲಿಲ್ಲ. ತುತ್ತೂ ಇಳಿಯಲಿಲ್ಲ.

ಹಾಸ್ಟೆಲ್ಲಿಗೆ ವಾಪಸು ಹೋದ ಮೇಲೆ ಬಿಜಾಪುರದ ಗೆಳತಿಯನ್ನು ಸರಿಯಾಗಿ ಗಮನಿಸಿದೆ. ಅವಳ ಮಾತಿಗೂ ನಗುತ್ತಿದ್ದರು. ಅವಳಿಗೆ ಅದರ ಗೊಡವೆಯೇ ಇಲ್ಲ. ಬೂತಿನಲ್ಲಿ ನಿಂತು ಇಡೀ ಸಾಲಿಗೆ ಕೇಳುವ ಹಾಗೆ, “ಯವ್ವಾ, ಉಂಡಿಯೇನ?” ಅನ್ನುತ್ತಿದ್ದಳು. ಯಾರೋ ಕಿಸಕ್ಕೆಂದರೆ ತಿರುಗಿ, “ರೊಕ್ಕಾ ನಂದು, ಅವ್ವಾ ನಮ್ಮಾಕಿ, ನಿಮಗೇನ್ರೀ?” ಆಗ ಎಲ್ಲರೂ ಅವಳ ಜೊತೆಗೇ ನಗುವುದು.

ಸಂಕ್ರಾಂತಿಗೆ ಅವಳನ್ನು ಮನೆಗೆ ಕರೆದುಕೊಂಡು ಬಂದೆ. ನಮ್ಮೂರ ಸೇವಂತಿಗೆ ಗದ್ದೆಯೆಲ್ಲ ಹೂವಾಗಿ, ಮಾರಣಕಟ್ಟೆ ಜಾತ್ರೆಗೆ ಕೊಯ್ಯುವ ಹೊತ್ತು ಅದು. ಅಮ್ಮ ಹೊಸಿಲಲ್ಲೇ, “ಬಾ ಮಗಾ, ಆಸ್ರಿಗ್ ಎಂತ ಕೊಡುದ್?” ಅಂದರು. ಅವಳಿಗೆ ಒಂದಕ್ಷರ ಅರ್ಥವಾಗಲಿಲ್ಲ, “ಏನರ ಕೊಡ್ರಿ ಅವ್ವಾರ” ಅಂದಳು. ಆ ರಾತ್ರಿ ಹನ್ನೆರಡರವರೆಗೆ ಇಬ್ಬರೂ ಹೂ ಕಟ್ಟುತ್ತಾ ಹರಟೆ ಹೊಡೆದರು. ಅಮ್ಮ ಇವರ ಭಾಷೆಯಲ್ಲಿ, ಅವಳು ಅವಳ ಭಾಷೆಯಲ್ಲಿ. ನಡುವೆ ಕೂತ ನನ್ನನ್ನು ಯಾರೂ ಅರ್ಥ ಹೇಳು ಅಂತ ಕೇಳಲಿಲ್ಲ. ಮುಂದಿನ ಆದಿತ್ಯವಾರ ಬೂತಿನಲ್ಲಿ ನಾನು ಗಟ್ಟಿಯಾಗಿಯೇ, “ಅಮ್ಮ, ಉಂಡ್ಯಾ?” ಅಂದೆ.

ಈಗ ಕಾಲ ಬದಲಾಗಿದೆ ಮಾರಾಯ್ರೆ. ಆಸಾಡಿ ಅಮಾಸಿ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ಅಂತ ಆಚರಿಸುತ್ತಾರೆ. ಮಗಳು ಓದುವ ಮಂಗಳೂರು ವಿಶ್ವವಿದ್ಯಾನಿಲಯದಲ್ಲೇ ಕುಂದಾಪ್ರ ಕನ್ನಡಕ್ಕೊಂದು ಅಧ್ಯಯನ ಪೀಠ ಇದೆ. ಆದರೂ ಹೊಸ ಕೋಣೆ, ಹೊಸ ಮುಖಗಳ ನಡುವೆ ಮೊದಲ ವರ್ಷದ ಮಕ್ಕಳಿಗೆ ಆಗುವ ಸಣ್ಣ ನಾಚಿಕೆಗೆ ಯಾವ ಪೀಠವೂ ಮದ್ದು ಕೊಡುವುದಿಲ್ಲ. ಅದು ಭಾಷೆಯದ್ದೇ ಆಗಬೇಕಂತಿಲ್ಲ. ಹಾಕುವ ಬಟ್ಟೆ, ಅಪ್ಪನ ಕೆಲಸ, ಬರದ ಇಂಗ್ಲಿಷು, ಯಾವುದೂ ಆಗಬಹುದು.

ನನ್ನ ಹಾಗೆ ಮಕ್ಕಳನ್ನು ಕಳಿಸಿ ಕೂತ ಬೈಂದೂರು, ಕುಂದಾಪುರ, ಬ್ರಹ್ಮಾವರ ಕಡೆಯ ಅಮ್ಮಂದಿರಿಗೆ ಎರಡು ಮಾತು. ಮೊದಲ ತಿಂಗಳು ಅತ್ತು ಫೋನ್ ಮಾಡಿದ ಕೂಡಲೇ ಕರೆದುಕೊಂಡು ಬರಲು ಓಡಬೇಡಿ. ಶನಿವಾರ ಶನಿವಾರ ಊರಿಗೆ ಬಂದರೆ ಅಲ್ಲಿ ಗೆಳೆತನ ಕುದುರುವುದು ಯಾವಾಗ? ಆದರೆ ಕೇಳಿಸಿಕೊಳ್ಳಿ. “ಊಟ ಆಯ್ತಾ” ಅಂತ ಕೇಳಿದ ಮೇಲೆ, “ಯಾರೊಟ್ಟಿಗೆ ಉಂಡೆ?” ಅಂತಲೂ ಕೇಳಿ. ನಾಲ್ಕು ವಾರವಾದರೂ “ಒಬ್ಳೇ” ಅನ್ನುವ ಉತ್ತರ ಬಂದರೆ ಒಮ್ಮೆ ಹೋಗಿ ನೋಡಿ ಬನ್ನಿ.

ಇನ್ನೊಂದು, ತಮಾಷೆ ಬೇರೆ, ರ‍್ಯಾಗಿಂಗ್ ಬೇರೆ. ಬಲವಂತ, ಬೆದರಿಕೆ, ಅವಮಾನ ಇದ್ದರೆ ಒಗ್ಗಿಕೋ ಅಂತ ಹೇಳಲೇಬೇಡಿ. ಯುಜಿಸಿಯ 2009ರ ನಿಯಮದಂತೆ ವಿದ್ಯಾರ್ಥಿಯೂ ಪೋಷಕರೂ ರ‍್ಯಾಗಿಂಗ್ ವಿರುದ್ಧ ಮುಚ್ಚಳಿಕೆ ಬರೆದುಕೊಡಬೇಕು. ಹೊಸಬರನ್ನು ಸಾಧ್ಯವಾದಷ್ಟೂ ಬೇರೆ ಬ್ಲಾಕಿನಲ್ಲಿ ಇಡಬೇಕು ಅಂತಲೂ ಅದರಲ್ಲಿದೆ. ಸಹಾಯವಾಣಿ 1800-180-5522. ಮಗಳ ಮೊಬೈಲಿನಲ್ಲಿ ನಾನೇ ಅದನ್ನು ಸೇವ್ ಮಾಡಿಕೊಟ್ಟಿದ್ದೇನೆ.

ಅಮ್ಮನಿಗೆ ಈಗ ಎಂಬತ್ತರ ಹತ್ತಿರ. ನಿನ್ನೆ ರಾತ್ರಿ ಮಗಳು ವಿಡಿಯೋ ಕಾಲ್ ಮಾಡಿದಾಗ ಪಕ್ಕದಲ್ಲೇ ಇದ್ದರು. ಕೋಣೆಯಲ್ಲಿ ಇನ್ನೂ ಮೂವರು ಹುಡುಗಿಯರು, ಒಬ್ಬಳು ಕಾಸರಗೋಡಿನವಳಂತೆ. ಮಗಳು ಅವರೆಲ್ಲರ ಎದುರೇ, “ಅಜ್ಜಿ, ಹಪ್ಪಳ ಎಲ್ಲ ಖಾಲಿ ಆಯ್ತ್. ಸುಡ್ದೆ ಹಸಿದೇ ತಿಂದ್ರ್ ಇವ್ರೆಲ್ಲ. ಇನ್ನೊಂದ್ ಕಟ್ಟ್ ಕಳ್ಸ್” ಅಂತ ಕೂಗಿದಳು.

ಅಮ್ಮ ಇವತ್ತು ಬೆಳಿಗ್ಗೆಯೇ ಹಪ್ಪಳದ ಡಬ್ಬಿ ಕೆಳಗಿಳಿಸಿ ಕೂತಿದ್ದಾರೆ.