ಕಾವಲಿಗೆ ಕೂರಿಸಿದರಷ್ಟೇ ಸಾಲದು
ಲಿನಕ್ಸ್ ಸರ್ವರ್ ಅಂತರ್ಜಾಲಕ್ಕೆ ತೆರೆದುಕೊಂಡರೆ ಸಾಕು, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ 22ನೇ ಪೋರ್ಟಿನ ಕದ ತಟ್ಟುವವರು ಶುರುವಾಗುತ್ತಾರೆ. ಲಾಗ್ ಕಡತ ತೆರೆದರೆ ‘ರೂಟ್’, ‘ಅಡ್ಮಿನ್’, ‘ಟೆಸ್ಟ್’ ಹೆಸರಲ್ಲಿ ಸೋತ ಲಾಗಿನ್‌ಗಳು ಸಾಲುಸಾಲು. ಇವರನ್ನು ತಡೆಯುವ ಫೇಲ್‌ಟುಬ್ಯಾನ್ ಹಾಕಿಕೊಳ್ಳಲು ಒಂದೇ ಕಮಾಂಡು ಸಾಕು, ಆದರೆ ಹಾಕಿದಷ್ಟಕ್ಕೆ ನಿಶ್ಚಿಂತರಾಗುವ ಹಾಗಿಲ್ಲ. ಅದರ ಮೂಲ ಲೆಕ್ಕ ಬಲು ಉದಾರ: 10 ನಿಮಿಷದಲ್ಲಿ 5 ಸಲ ತಪ್ಪಿದರೆ 10 ನಿಮಿಷ ಬಹಿಷ್ಕಾರ, ಆಮೇಲೆ ಮತ್ತೆ ಸುಸ್ವಾಗತ! ಅವಧಿ ಹೆಚ್ಚಿಸಲು ಜೈಲ್.ಕಾನ್ಫ್ ಕಡತ ಮುಟ್ಟಬೇಡಿ, ಅಪ್‌ಡೇಟ್ ಬಂದಾಗ ನಿಮ್ಮ ಬದಲಾವಣೆ ಅಳಿಸಿಹೋದೀತು, ಜೈಲ್.ಲೋಕಲ್‌ನಲ್ಲಿ ಬರೆಯಿರಿ. ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಇದಕ್ಕಿಂತ ನಿಷ್ಠುರಿ. ಎಸ್‌ಎಸ್‌ಎಚ್‌ಗೆ ಅನುಮತಿ ಕೊಡದೆ ಚಾಲೂ ಮಾಡಿದಿರೋ, ಹೊರಗುಳಿಯುವವರು ನೀವೇ. ಮೊದಲು ಅನುಮತಿ ಕೊಡಿ. ಇನ್ನೊಂದು ಟರ್ಮಿನಲ್‌ನಿಂದ ಲಾಗಿನ್ ಆಗಿ ನೋಡುವ ತನಕ ಮೊದಲಿನದನ್ನು ಮುಚ್ಚಬೇಡಿ.